ಸಹಿಯೂ ಇಲ್ಲ, ವಾಪಸೂ ಇಲ್ಲ: ರಾಜಭವನದಲ್ಲಿ ಕೂತ ಮಸೂದೆಗೆ ಈಗ ಏನು ದಾರಿ?

2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಮಸೂದೆಗಳ ಬಗ್ಗೆ ಇಂತಿಷ್ಟು ತಿಂಗಳಲ್ಲಿ ತೀರ್ಮಾನ ಮಾಡಿ ಎಂದು ರಾಜ್ಯಪಾಲರಿಗೆ ಗಡುವು ಹಾಕಿತು. ಅದೇ ವರ್ಷ ನವೆಂಬರ್ 20ರಂದು ಅದೇ ಕೋರ್ಟ್‌ನ ಐವರ ಪೀಠ, ಹಾಗೆ ಗಡುವು ಹಾಕುವ ಅಧಿಕಾರ ಕೋರ್ಟ್‌ಗೆ ಇಲ್ಲ ಎಂದಿತು. ನಡುವೆ ಇದ್ದದ್ದು ಏಳೂವರೆ ತಿಂಗಳು ಅಷ್ಟೇ. ಹಾಗಾದರೆ ರಾಜ್ಯಪಾಲರು ಗೆದ್ದರಾ? ಅಥವಾ ಮಸೂದೆ ಹಿಡಿದು ಕೂರುವಂತಿಲ್ಲ ಎಂದು ಕೋರ್ಟ್ ಮತ್ತೆ ಹೇಳಿದಂತಾಯಿತಾ? ಎರಡೂ ಒಂದು ಮಟ್ಟಿಗೆ ನಿಜ. ಗೊಂದಲ ಹುಟ್ಟಿರುವುದೇ ಅಲ್ಲಿ.

ಇದನ್ನು ವಕೀಲರ ತಕರಾರು ಎಂದು ಬಿಟ್ಟುಬಿಡುವಂತಿಲ್ಲ. ನಾವು ಓಟು ಹಾಕಿ ಕಳಿಸಿದ ಶಾಸಕರು ಮಾಡಿದ ಕಾನೂನು ನಮ್ಮ ತನಕ ಬರುತ್ತದೋ ಇಲ್ಲವೋ ಎಂಬುದು ಒಂದು ಸಹಿಯ ಮೇಲೆ ನಿಂತಿದೆ. ಆ ಸಹಿ ಹಾಕುವವರನ್ನು ನಾವೂ ಆರಿಸಿಲ್ಲ, ನಮ್ಮ ಶಾಸಕರೂ ಆರಿಸಿಲ್ಲ.

ತಮಿಳುನಾಡಿನ ಹತ್ತು ಮಸೂದೆಗಳು

2020ರ ಜನವರಿಯಿಂದ 2023ರ ಏಪ್ರಿಲ್‌ವರೆಗೆ ತಮಿಳುನಾಡು ವಿಧಾನಸಭೆ ಪಾಸು ಮಾಡಿದ 12 ಮಸೂದೆಗಳು ರಾಜಭವನಕ್ಕೆ ಹೋದವು. ಹೆಚ್ಚಿನವು ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದ್ದವು. ಕುಲಪತಿಯನ್ನು ನೇಮಿಸುವವರು ಯಾರು, ಕುಲಾಧಿಪತಿಯಾದ ರಾಜ್ಯಪಾಲರೋ ರಾಜ್ಯ ಸರ್ಕಾರವೋ ಎಂಬುದೇ ಅವುಗಳ ತಿರುಳು. ಅಂದರೆ ರಾಜ್ಯಪಾಲರ ಕೈಯಲ್ಲಿದ್ದ ಅಧಿಕಾರವನ್ನು ತೆಗೆಯುವ ಮಸೂದೆಗೆ ಸಹಿ ಹಾಕಬೇಕಾದವರು ರಾಜ್ಯಪಾಲರೇ. ಕಡತ ಕದಲಲಿಲ್ಲ ಎಂದರೆ ಆಶ್ಚರ್ಯವೇನಿಲ್ಲ.

ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕೋರ್ಟ್ ನೋಟಿಸ್ ಕೊಟ್ಟ ಬೆನ್ನಿಗೇ, 2023ರ ನವೆಂಬರ್ 13ರಂದು, ರಾಜ್ಯಪಾಲ ಆರ್.ಎನ್. ರವಿ 10 ಮಸೂದೆಗಳಿಗೆ ಅಂಕಿತ ಇಲ್ಲ ಎಂದರು. 18ರಂದು ವಿಧಾನಸಭೆ ವಿಶೇಷ ಅಧಿವೇಶನ ಕರೆದು ಹತ್ತನ್ನೂ ಮತ್ತೆ ಪಾಸು ಮಾಡಿತು. ಹತ್ತು ದಿನ ಬಿಟ್ಟು ರಾಜ್ಯಪಾಲರು ಹತ್ತನ್ನೂ ರಾಷ್ಟ್ರಪತಿಗೆ ಕಳಿಸಿದರು. ದೆಹಲಿಯಲ್ಲಿ ಒಂದಕ್ಕೆ ಒಪ್ಪಿಗೆ ಸಿಕ್ಕಿತು, ಏಳು ತಿರಸ್ಕಾರವಾದವು, ಎರಡು ಹಾಗೇ ಉಳಿದವು.

ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಇದನ್ನು ನೋಡಿ, ರಾಷ್ಟ್ರಪತಿಗೆ ಕಳಿಸಿದ್ದೇ ತಪ್ಪು ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಹತ್ತೂ ಮಸೂದೆಗಳಿಗೆ ಅಂಕಿತ ಬಿದ್ದಂತೆಯೇ ಲೆಕ್ಕ ಎಂದು ಘೋಷಿಸಿತು. ಜೊತೆಗೆ ಮುಂದಕ್ಕೂ ಅನ್ವಯಿಸುವ ಗಡುವುಗಳನ್ನು ಬರೆಯಿತು: ರಾಜ್ಯಪಾಲರಿಗೆ ಸಂದರ್ಭ ನೋಡಿ ಒಂದು ತಿಂಗಳು ಅಥವಾ ಮೂರು ತಿಂಗಳು, ರಾಷ್ಟ್ರಪತಿಗೆ ಮೂರು ತಿಂಗಳು. ರಾಜ್ಯಪಾಲರ ಸಹಿಯೂ ರಾಷ್ಟ್ರಪತಿಯ ಸಹಿಯೂ ಇಲ್ಲದೆ, ಬರೀ ಕೋರ್ಟ್ ಆದೇಶದ ಬಲದ ಮೇಲೆ ಕಾಯ್ದೆಗಳು ರಾಜ್ಯಪತ್ರದಲ್ಲಿ ಪ್ರಕಟವಾದವು. ದೇಶ ಇಂಥದ್ದನ್ನು ಅದುವರೆಗೆ ನೋಡಿರಲಿಲ್ಲ.

200ನೇ ವಿಧಿಯಲ್ಲಿ ಇರುವುದೇನು, ಇಲ್ಲದಿರುವುದೇನು

ಮಸೂದೆ ಬಂದಾಗ ರಾಜ್ಯಪಾಲರು ಏನು ಮಾಡಬಹುದು ಎಂಬುದನ್ನು ಸಂವಿಧಾನದ 200ನೇ ವಿಧಿ ಹೇಳುತ್ತದೆ. ಅಂಕಿತ ಹಾಕಬಹುದು. ಅಂಕಿತ ತಡೆಹಿಡಿಯಬಹುದು. ರಾಷ್ಟ್ರಪತಿಯ ಪರಿಶೀಲನೆಗೆ ಕಾಯ್ದಿರಿಸಬಹುದು. ಹಣಕಾಸು ಮಸೂದೆ ಅಲ್ಲದಿದ್ದರೆ, ಇಂಥದ್ದನ್ನು ಮತ್ತೆ ಯೋಚಿಸಿ ಎಂಬ ಸಂದೇಶದ ಜೊತೆ ಸದನಕ್ಕೆ ವಾಪಸು ಕಳಿಸಬಹುದು. ಸದನ ತಿದ್ದಿಯೋ ತಿದ್ದದೆಯೋ ಮತ್ತೆ ಪಾಸು ಮಾಡಿ ಕಳಿಸಿದರೆ ಅಂಕಿತ ತಡೆಹಿಡಿಯುವಂತಿಲ್ಲ.

ವಾಪಸು ಕಳಿಸುವುದು ಯಾವಾಗ? ‘ಸಾಧ್ಯವಾದಷ್ಟು ಬೇಗ’. ಇಡೀ ಜಗಳದ ಬೇರು ಈ ಎರಡು ಪದ. ದಿನ, ವಾರ, ತಿಂಗಳು ಯಾವುದರ ಲೆಕ್ಕವೂ ಇಲ್ಲ. ಸಹಿ ಹಾಕದೆ, ವಾಪಸೂ ಕಳಿಸದೆ, ದೆಹಲಿಗೂ ಕಳಿಸದೆ ಸುಮ್ನೆ ಇಟ್ಟುಕೊಂಡರೆ ಏನು ಮಾಡಬೇಕು ಎಂಬ ಮಾತೇ ವಿಧಿಯಲ್ಲಿ ಇಲ್ಲ.

ರಾಷ್ಟ್ರಪತಿಗೆ ಹೋದ ಮಸೂದೆಯ ಕಥೆ ಇರುವುದು 201ನೇ ವಿಧಿಯಲ್ಲಿ. ಅಲ್ಲಿ ಒಂದು ವಿಚಿತ್ರವಿದೆ. ರಾಷ್ಟ್ರಪತಿ ಮಸೂದೆಯನ್ನು ವಾಪಸು ಕಳಿಸಿದರೆ ಸದನ ಆರು ತಿಂಗಳೊಳಗೆ ಅದನ್ನು ಮತ್ತೆ ಪರಿಗಣಿಸಬೇಕು. ಗಡುವು ಇರುವುದು ಜನ ಆರಿಸಿದ ಸದನಕ್ಕೆ ಮಾತ್ರ. ರಾಷ್ಟ್ರಪತಿಗೆ ಯಾವ ಗಡುವೂ ಇಲ್ಲ. ಸದನ ಎರಡನೇ ಸಲ ಪಾಸು ಮಾಡಿದರೂ ಒಪ್ಪಲೇಬೇಕೆಂಬ ಕಟ್ಟುಪಾಡೂ ಇಲ್ಲ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇಲ್ಲಿ ನೆನಪಾಗದೆ ಇರದು. ಆದರೆ ಈ ಪೂಜಾರಿಯನ್ನು ನೇಮಿಸಿರುವುದು ಬೇರೆ ದೇವಸ್ಥಾನ. 155ನೇ ವಿಧಿಯಂತೆ ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿ, ಅಂದರೆ ನಡೆಯುವ ರೀತಿಯಲ್ಲಿ ಕೇಂದ್ರ ಸರ್ಕಾರ. 156ನೇ ವಿಧಿಯಂತೆ ರಾಷ್ಟ್ರಪತಿಯ ಮರ್ಜಿ ಇರುವ ತನಕ ಅವರು ಹುದ್ದೆಯಲ್ಲಿರುತ್ತಾರೆ.

ಪಟ್ಟಿಯಲ್ಲಿ ಹಂಚಿದ್ದು, ಬಾಗಿಲಲ್ಲಿ ನಿಂತದ್ದು

ಒಕ್ಕೂಟ ವ್ಯವಸ್ಥೆ ಎಂದರೆ ಪಾಠಪುಸ್ತಕ ತೋರಿಸುವುದು ಏಳನೇ ಅನುಸೂಚಿಯನ್ನು. 1950ರಲ್ಲಿ ಕೇಂದ್ರ ಪಟ್ಟಿಯಲ್ಲಿ 97 ವಿಷಯ, ರಾಜ್ಯ ಪಟ್ಟಿಯಲ್ಲಿ 66, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿ 47 ಇದ್ದವು. ಆಮೇಲೆ ಗೆರೆ ಸರಿಯುತ್ತಾ ಬಂತು. 1976ರ 42ನೇ ತಿದ್ದುಪಡಿ ಶಿಕ್ಷಣ, ಅರಣ್ಯದಂಥ ವಿಷಯಗಳನ್ನು ರಾಜ್ಯ ಪಟ್ಟಿಯಿಂದ ಸಮವರ್ತಿಗೆ ತಂದಿತು. ಕುಲಪತಿ ನೇಮಕದ ಜಗಳ ಇವತ್ತು ಇಷ್ಟು ಬಿಸಿಯಾಗಲು ಅದೂ ಒಂದು ಕಾರಣ.

ಆದರೆ ಅಧಿಕಾರ ಯಾರ ಪಟ್ಟಿಯಲ್ಲಿದೆ ಎಂಬುದಷ್ಟೇ ಸಾಲದು. ರಾಜ್ಯ ಪಟ್ಟಿಯಲ್ಲಿರುವ ವಿಷಯದ ಮಸೂದೆಯೂ ಕಾಯ್ದೆಯಾಗಲು ಕೇಂದ್ರ ನೇಮಿಸಿದವರ ಸಹಿ ಬೇಕು. ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ರಾಜ್ಯದ ಗವರ್ನರ್ ಅನ್ನು ರಾಜ್ಯದ ಜನರೇ ಆರಿಸುತ್ತಾರೆ. ರಾಜ್ಯದ ಮಸೂದೆ ಒಪ್ಪಿಗೆಗಾಗಿ ವಾಷಿಂಗ್ಟನ್‌ಗೆ ಹೋಗುವುದಿಲ್ಲ. ನಮ್ಮಲ್ಲಿ ಹೋಗುತ್ತದೆ. ಇದು ಕಣ್ತಪ್ಪಿ ಬಂದದ್ದಲ್ಲ. ದೇಶ ಒಡೆದ ಹೊತ್ತಿನಲ್ಲಿ ಬರೆದ ಸಂವಿಧಾನ ಇದು, ಕೇಂದ್ರದ ಕಡೆ ವಾಲಿದೆ.

ಮಸೂದೆ ದೆಹಲಿಗೆ ಹೋಗುವ ಈ ಬಾಗಿಲಿನಿಂದ ರಾಜ್ಯಗಳಿಗೆ ಲಾಭವೂ ಇದೆ ಎಂಬುದನ್ನು ಮರೆಯಬಾರದು. ಸಮವರ್ತಿ ಪಟ್ಟಿಯ ವಿಷಯದಲ್ಲಿ ರಾಜ್ಯದ ಕಾಯ್ದೆ ಕೇಂದ್ರದ ಕಾಯ್ದೆಗೆ ಡಿಕ್ಕಿ ಹೊಡೆದರೆ ಗೆಲ್ಲುವುದು ಕೇಂದ್ರದ್ದು. ರಾಷ್ಟ್ರಪತಿಯ ಒಪ್ಪಿಗೆ ಇದ್ದರೆ ಮಾತ್ರ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾಯ್ದೆ ನಿಲ್ಲುತ್ತದೆ. ಕಂಬಳ ಉಳಿದದ್ದು ಈ ದಾರಿಯಲ್ಲೇ. ಪ್ರಾಣಿಹಿಂಸೆ ತಡೆ ಕಾಯ್ದೆ ಕೇಂದ್ರದ್ದು. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು, ರಾಷ್ಟ್ರಪತಿಯ ಒಪ್ಪಿಗೆ ಪಡೆಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆ ಅದನ್ನೂ ಎತ್ತಿಹಿಡಿಯಿತು. ಹಾಗಾಗಿ ‘ದೆಹಲಿಗೆ ಕಳಿಸುವುದೇ ಅನ್ಯಾಯ’ ಎನ್ನಲಾಗದು. ಕಳಿಸಿ ಸುಮ್ಮನಾಗುವುದು ಬೇರೆ ಮಾತು.

ಗಡುವು ಬರೆಯಲಿಲ್ಲ ಯಾಕೆ?

ಸಂವಿಧಾನದ ಕರಡಿನಲ್ಲಿ, ಸಂಸತ್ತಿನ ಮಸೂದೆಯನ್ನು ರಾಷ್ಟ್ರಪತಿ ವಾಪಸು ಕಳಿಸುವುದಿದ್ದರೆ ಆರು ವಾರದೊಳಗೆ ಎಂದಿತ್ತು. ಸಂವಿಧಾನ ಸಭೆಯ ಚರ್ಚೆಯಲ್ಲಿ ಅದನ್ನು ‘ಸಾಧ್ಯವಾದಷ್ಟು ಬೇಗ’ ಎಂದು ಬದಲಿಸಿದರು. ಆರು ವಾರ ತನಕ ಎಳೆಯಲು ಅವಕಾಶ ಯಾಕೆ, ಇನ್ನೂ ಬೇಗ ಆಗಲಿ ಎಂಬುದು ಅದರ ಭಾವ. ಬೇಗ ಆಗಲೆಂದು ತೆಗೆದ ಗಡುವು ಕೊನೆಗೆ ತಡಕ್ಕೆ ದಾರಿಯಾಯಿತು, ನೋಡಿ.

ರಾಜ್ಯಪಾಲರ ವಿಧಿಯಲ್ಲೂ ಒಂದು ತಿದ್ದುಪಡಿ ಆಯಿತು. ಕರಡಿನಲ್ಲಿ ರಾಜ್ಯಪಾಲರು ‘ತಮ್ಮ ವಿವೇಚನೆಯಂತೆ’ ಮಸೂದೆ ಹಿಂದಿರುಗಿಸಬಹುದು ಎಂದಿತ್ತು. 1949ರ ಆಗಸ್ಟ್‌ನಲ್ಲಿ ಡಾ. ಅಂಬೇಡ್ಕರ್ ಆ ಪದಗಳನ್ನು ತೆಗೆಸಿದರು. ಜನರಿಗೆ ಉತ್ತರ ಕೊಡುವ ಸರ್ಕಾರ ಇರುವಲ್ಲಿ ರಾಜ್ಯಪಾಲರ ಸ್ವಂತ ವಿವೇಚನೆಗೆ ಜಾಗವಿಲ್ಲ ಎಂಬುದು ಅವರ ವಾದವಾಗಿತ್ತು.

ಗಡುವಿಲ್ಲದ ತೊಂದರೆ ಸರ್ಕಾರಗಳಿಗೆ ಗೊತ್ತಿರಲಿಲ್ಲ ಎಂದಲ್ಲ. ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಿ 1988ರಲ್ಲಿ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಕಾಲಮಿತಿ ಬೇಕೆಂದಿತು. 2010ರಲ್ಲಿ ಅದೇ ಕೆಲಸಕ್ಕೆ ನೇಮಿಸಿದ್ದ ಪೂಂಛಿ ಆಯೋಗ ರಾಜ್ಯಪಾಲರಿಗೆ ಆರು ತಿಂಗಳು ಸಾಕು ಎಂದಿತು. 2016ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ರಾಷ್ಟ್ರಪತಿಯ ಒಪ್ಪಿಗೆಗೆ ಬಂದ ರಾಜ್ಯಗಳ ಮಸೂದೆಗಳನ್ನು ಮೂರು ತಿಂಗಳಲ್ಲಿ ವಿಲೇವಾರಿ ಮಾಡಿ ಎಂದು ಸುತ್ತೋಲೆ ಹೊರಡಿಸಿತ್ತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇವು ಸಂವಿಧಾನದ ಪುಟಕ್ಕೆ ಏರಲಿಲ್ಲ. ದೆಹಲಿಯಲ್ಲಿ ಕೂತವರಿಗೆ ಈ ಬಾಗಿಲು ಅನುಕೂಲದ್ದೇ ಅಲ್ವಾ?

ಎರಡು ಕಡೆಯ ವಾದ

ಏಪ್ರಿಲ್ ತೀರ್ಪಿನ ಮೇಲೆ ಕೇಂದ್ರ ಮರುಪರಿಶೀಲನೆ ಕೇಳಲಿಲ್ಲ. ಬದಲಿಗೆ ಮೇ 13ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು 143ನೇ ವಿಧಿಯಡಿ 14 ಪ್ರಶ್ನೆಗಳನ್ನು ಸುಪ್ರೀಂ ಕೋರ್ಟ್‌ಗೆ ಕಳಿಸಿ ಅಭಿಪ್ರಾಯ ಕೇಳಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ನೇತೃತ್ವದ ಪೀಠ ವಿಚಾರಣೆ ನಡೆಸಿತು.

ಕೇಂದ್ರದ ವಾದ ಹೀಗಿತ್ತು: ರಾಜ್ಯಪಾಲರು ಬಂದದ್ದನ್ನು ಮುಂದಕ್ಕೆ ದಾಟಿಸುವ ಅಂಚೆಯಣ್ಣ ಅಲ್ಲ. ಸಂವಿಧಾನ ಬರೆದವರು ಗಡುವು ಬೇಡ ಎಂದು ಬಿಟ್ಟ ಕಡೆ ಕೋರ್ಟ್ ಗಡುವು ಬರೆದರೆ ಅದು ಸಂವಿಧಾನವನ್ನೇ ತಿದ್ದಿದಂತೆ. ಕೋರ್ಟ್ ‘ಅಂಕಿತ ಬಿದ್ದಂತೆ’ ಎಂದರೆ ರಾಜ್ಯಪಾಲರ ಕುರ್ಚಿಯಲ್ಲಿ ನ್ಯಾಯಾಧೀಶರು ಕೂತಂತೆ.

ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳ, ಕರ್ನಾಟಕದಂಥ ರಾಜ್ಯಗಳು ಬೇರೆ ತುದಿ ಹಿಡಿದವು. ರಾಜ್ಯಪಾಲರು ಹೆಸರಿಗಷ್ಟೇ ಮುಖ್ಯಸ್ಥರು, ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಆರಿಸಿ ಬಂದ ಸದನದ ಮೇಲೆ ನೇಮಕವಾಗಿ ಬಂದವರಿಗೆ ವೀಟೊ ಕೊಡಲಾಗದು. ಕಾನೂನು ತಪ್ಪಿದ್ದರೆ ಅದನ್ನು ಹೊಡೆದುಹಾಕಲು ಕೋರ್ಟ್ ಇದೆ, ರಾಜ್ಯಪಾಲರು ಯಾಕೆ ನ್ಯಾಯಾಧೀಶರಾಗಬೇಕು?

ಎರಡನೇ ವಾದ ನನಗೆ ಜಾಸ್ತಿ ಒಪ್ಪಿಗೆಯಾಗುತ್ತದೆ. ಆದರೆ ಮೊದಲನೆಯದಕ್ಕೆ ಹಳೆಯದೊಂದು ಗಟ್ಟಿ ಉದಾಹರಣೆ ಇದೆ. 1957ರಲ್ಲಿ ಕೇರಳದ ಮೊದಲ ಕಮ್ಯುನಿಸ್ಟ್ ಸರ್ಕಾರ ಶಿಕ್ಷಣ ಮಸೂದೆ ತಂದಾಗ, ತಮ್ಮ ಶಾಲೆಗಳು ಕೈತಪ್ಪುತ್ತವೆ ಎಂದು ಅಲ್ಪಸಂಖ್ಯಾತರು ಹೆದರಿದರು. ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸಿದರು. ರಾಷ್ಟ್ರಪತಿ ಸುಪ್ರೀಂ ಕೋರ್ಟ್‌ನ ಅಭಿಪ್ರಾಯ ಕೇಳಿದರು. 1958ರಲ್ಲಿ ಕೋರ್ಟ್ ಕೆಲವು ಭಾಗಗಳು ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆ ಎಂದಿತು, ಮಸೂದೆ ತಿದ್ದುಪಡಿಯಾಗಿ ಕಾಯ್ದೆಯಾಯಿತು. ಕಾನೂನು ಜಾರಿಯಾಗುವ ಮೊದಲೇ ನಾಗರಿಕರ ಹಕ್ಕು ಉಳಿಯಿತು. ಅಂದರೆ ಈ ಬಾಗಿಲು ಕೆಲಸ ಮಾಡಬಲ್ಲದು, ಅದರ ಹಿಂದೆ ಇರುವವರು ಕಾರಣ ಹೇಳಿ ಮುಂದಿನ ಹೆಜ್ಜೆ ಇಟ್ಟರೆ.

ಹತ್ತಿರದ ಇನ್ನೊಂದು ನೋಡಿ. 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಕಳಿಸಿತು. ದಂಡ, ಶಿಕ್ಷೆ ಜಾಸ್ತಿಯಾಯಿತು ಎಂಬಂಥ ಆಕ್ಷೇಪ ಬರೆದು ರಾಜ್ಯಪಾಲರು ವಾಪಸು ಮಾಡಿದರು. ಸರ್ಕಾರ ವಿವರಣೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಅಂಕಿತ ಬಿತ್ತು. ಸುಗ್ರೀವಾಜ್ಞೆಗೆ ಬೇರೆ ವಿಧಿ ಇದೆ, ನಿಜ. ಆದರೂ ಪ್ರಶ್ನೆ ಕೇಳುವುದಕ್ಕೂ ತಡೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಐವರ ಪೀಠ ಏನೆಂದಿತು

ಗಡುವು ಇಲ್ಲ. ಕೋರ್ಟ್ ರಾಜ್ಯಪಾಲರಿಗಾಗಲಿ ರಾಷ್ಟ್ರಪತಿಗಾಗಲಿ ದಿನ ನಿಗದಿ ಮಾಡುವಂತಿಲ್ಲ. ‘ಅಂಕಿತ ಬಿದ್ದಂತೆ’ ಎಂಬ ಕಲ್ಪನೆ ನಮ್ಮ ಸಂವಿಧಾನಕ್ಕೆ ಹೊರಗಿನದು. ಮಸೂದೆ ಕಾಯ್ದೆಯಾಗುವ ಮೊದಲು ಅದರ ಒಳಿತು ಕೆಡುಕನ್ನು ಕೋರ್ಟ್ ತೂಗುವುದಿಲ್ಲ. 200ನೇ ವಿಧಿಯ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದರಲ್ಲಿ ರಾಜ್ಯಪಾಲರಿಗೆ ವಿವೇಚನೆ ಇದೆ, ಮಂತ್ರಿಮಂಡಲದ ಸಲಹೆಗೆ ಅವರು ಕಟ್ಟುಬಿದ್ದಿಲ್ಲ. ಇಷ್ಟು ಕೇಂದ್ರಕ್ಕೆ ಸಿಕ್ಕದ್ದು.

ರಾಜ್ಯಗಳಿಗೆ ಸಿಕ್ಕದ್ದೂ ಕಡಿಮೆ ಏನಲ್ಲ. ಅಂಕಿತ ತಡೆಹಿಡಿದು, ಸದನಕ್ಕೆ ವಾಪಸೂ ಕಳಿಸದೆ ಮಸೂದೆಯನ್ನು ಸಾಯಿಸುವಂತಿಲ್ಲ. ತಡೆದರೆ ಕಾರಣ ಬರೆದು ಹಿಂದಿರುಗಿಸಲೇಬೇಕು. ರಾಜ್ಯಪಾಲರು ಮಸೂದೆ ಹಿಡಿದಿಟ್ಟುಕೊಂಡಿದ್ದ ಪಂಜಾಬ್ ಪ್ರಕರಣದಲ್ಲಿ 2023ರ ನವೆಂಬರ್‌ನಲ್ಲಿ ಕೋರ್ಟ್ ಇದನ್ನೇ ಹೇಳಿತ್ತು. ಈಗ ಐವರ ಪೀಠದಿಂದಲೂ ಅದೇ ಮಾತು ಬಂದಿದೆ. ಎರಡನೆಯದಾಗಿ, ಕಾರಣವಿಲ್ಲದೆ ಬಹಳ ಕಾಲ ಸುಮ್ಮನಿದ್ದರೆ, ‘ತೀರ್ಮಾನ ಮಾಡಿ’ ಎಂದು ಕೋರ್ಟ್ ನಿರ್ದೇಶನ ಕೊಡಬಹುದು. ಯಾವ ತೀರ್ಮಾನ ಎಂದು ಹೇಳುವುದಿಲ್ಲ, ಅಷ್ಟೇ. 361ನೇ ವಿಧಿ ರಾಜ್ಯಪಾಲರಿಗೆ ವೈಯಕ್ತಿಕ ರಕ್ಷಣೆ ಕೊಡುತ್ತದೆ. ಆದರೆ ಆ ಹುದ್ದೆಯ ಮೌನ ಕೋರ್ಟ್‌ನ ಕೈಗೆ ಸಿಗದ್ದಲ್ಲ.

ಒಂದು ಸಾಲಿನಲ್ಲಿ ಹೇಳುವುದಾದರೆ, ಮೌನವನ್ನು ಕೋರ್ಟ್ ಮುರಿಸುತ್ತದೆ, ಮಾತನ್ನು ಪ್ರಶ್ನಿಸುವುದಿಲ್ಲ. ಗಡುವು ಹಾಕಲಾಗದು ಎಂಬ ಮಾತು ಒಪ್ಪುವಂಥದ್ದೇ. ಪಾಕಿಸ್ತಾನದ ಸಂವಿಧಾನದಲ್ಲಿ ಮಸೂದೆಗೆ ಹತ್ತು ದಿನದ ಗಡುವಿದೆ. ಎರಡನೇ ಸಲ ಪಾಸಾಗಿ ಬಂದದ್ದಕ್ಕೆ ಅಷ್ಟರೊಳಗೆ ಸಹಿ ಬೀಳದಿದ್ದರೆ ಬಿದ್ದಂತೆಯೇ ಲೆಕ್ಕ. ಅಮೆರಿಕದ ಅಧ್ಯಕ್ಷರಿಗೂ ಭಾನುವಾರ ಬಿಟ್ಟು ಹತ್ತು ದಿನದ ಗಡುವಿದೆ. ಆದರೆ ಎರಡೂ ಕಡೆ ಅದನ್ನು ಬರೆದದ್ದು ಸಂವಿಧಾನ, ಕೋರ್ಟ್ ಅಲ್ಲ. ವಿವೇಚನೆಯ ಬಗ್ಗೆ ಹೇಳಿದ್ದು ಮಾತ್ರ, 1949ರಲ್ಲಿ ಆ ಪದಗಳನ್ನು ಬೇಕೆಂದೇ ತೆಗೆದ ಇತಿಹಾಸದ ಮುಂದೆ ಕಸಿವಿಸಿ ಹುಟ್ಟಿಸುತ್ತದೆ.

ಏಪ್ರಿಲ್ ತೀರ್ಪು ಸತ್ತುಹೋಯಿತೇ?

ಇದಕ್ಕೆ ಉತ್ತರ ಕಾವೇರಿ ವಿವಾದದಲ್ಲಿದೆ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ವಿರುದ್ಧ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿದಾಗ, ಆಗಿನ ರಾಷ್ಟ್ರಪತಿ ಇದೇ 143ನೇ ವಿಧಿಯಡಿ ಸುಪ್ರೀಂ ಕೋರ್ಟ್‌ನ ಅಭಿಪ್ರಾಯ ಕೇಳಿದ್ದರು. ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಎಂದ ಕೋರ್ಟ್ ಇನ್ನೊಂದು ಮಾತನ್ನೂ ಹೇಳಿತು: ತಾನು ಈಗಾಗಲೇ ಕೊಟ್ಟ ತೀರ್ಪಿನ ಮೇಲೆ 143ರ ಹೆಸರಿನಲ್ಲಿ ಮೇಲ್ಮನವಿ ನಡೆಸಲಾಗದು.

ಆ ಲೆಕ್ಕದಲ್ಲಿ ತಮಿಳುನಾಡಿನ ಹತ್ತು ಕಾಯ್ದೆಗಳನ್ನು ನವೆಂಬರ್ ಅಭಿಪ್ರಾಯ ರದ್ದು ಮಾಡಿಲ್ಲ. ಆದರೆ ಮುಂದೆ ಇನ್ನೊಂದು ರಾಜ್ಯ ಅದೇ ಏಪ್ರಿಲ್ ತೀರ್ಪು ಹಿಡಿದು ‘ನಮಗೂ ಗಡುವು ಕೊಡಿ’ ಎಂದರೆ, ಐವರ ಅಭಿಪ್ರಾಯವನ್ನು ಸಣ್ಣ ಪೀಠ ಪಕ್ಕಕ್ಕಿಡುವುದು ಕಷ್ಟ.

ಆ ಹತ್ತರ ಹಾದಿಯೂ ಸುಗಮವಾಗಿರಲಿಲ್ಲ. ಕುಲಪತಿ ನೇಮಕದ ಕಾಯ್ದೆಗಳಿಗೆ 2025ರ ಮೇ ತಿಂಗಳಲ್ಲೇ ಮದ್ರಾಸ್ ಹೈಕೋರ್ಟ್ ತಡೆ ಕೊಟ್ಟಿತು. ಕಾರಣ ಯುಜಿಸಿ, ಅಂದರೆ ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳ ಜೊತೆಗಿನ ಘರ್ಷಣೆ. ಅಂದರೆ ಅಂಕಿತ ಬಿದ್ದರೂ ಕಾನೂನಿನ ಪರೀಕ್ಷೆ ಮುಗಿಯುವುದಿಲ್ಲ. ರಾಜ್ಯಪಾಲರು ತಡೆಯದಿದ್ದರೆ ಕೆಟ್ಟ ಕಾನೂನು ನುಗ್ಗಿಬಿಡುತ್ತದೆ ಎಂಬ ಭಯಕ್ಕೆ ಇದೇ ಉತ್ತರ.

ನಾಗರಿಕರ ಹಕ್ಕು ಎಲ್ಲಿ ಬಂತು?

ಮೂಲಭೂತ ಹಕ್ಕು ಮುರಿದರೆ ಯಾರು ಬೇಕಾದರೂ 226ನೇ ವಿಧಿಯಡಿ ಹೈಕೋರ್ಟ್‌ಗೆ, 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟ್‌ಗೆ ಹೋಗಬಹುದು. ಕಾಯ್ದೆ ನಿಮ್ಮ ಹಕ್ಕನ್ನು ಕಸಿದರೆ ಪ್ರಶ್ನಿಸಬಹುದು. ಬರಬೇಕಾಗಿದ್ದ ಕಾಯ್ದೆ ಬರದೇ ಹೋದರೆ? ಆಗ ಪ್ರಶ್ನಿಸಲು ಕೈಯಲ್ಲಿ ಏನೂ ಇರುವುದಿಲ್ಲ. ‘ಇಲ್ಲ’ ಎಂದವರ ಜೊತೆ ವಾದ ಮಾಡಬಹುದು, ಏನೂ ಹೇಳದವರ ಜೊತೆ ಏನು ವಾದ? ಗಡುವಿಲ್ಲದ ಮೌನ ರಾಜ್ಯ ಸರ್ಕಾರಕ್ಕಿಂತ ಜಾಸ್ತಿ ಕಟ್ಟಿಹಾಕುವುದು ಜನರನ್ನು.

ರಾಜ್ಯ ಸರ್ಕಾರವೇ ಜನರ ಪರವಾಗಿ 32ನೇ ವಿಧಿ ಹಿಡಿಯಬಹುದೇ? ಕೇಂದ್ರ ಇದನ್ನು ಒಪ್ಪುವುದಿಲ್ಲ. ಮೂಲಭೂತ ಹಕ್ಕು ಇರುವುದು ಜನರಿಗೆ, ಸರ್ಕಾರಕ್ಕಲ್ಲ ಎಂಬುದು ಅದರ ನಿಲುವು. ಕರ್ನಾಟಕ 2024ರ ಮಾರ್ಚ್‌ನಲ್ಲಿ ಆ ದಾರಿ ಹಿಡಿದಿತ್ತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಿಸಿ, 18,171 ಕೋಟಿ ರೂಪಾಯಿ ಪರಿಹಾರ ಕೇಳಿ ತಿಂಗಳುಗಳಾಗಿದ್ದವು. ಕೇಂದ್ರದ ಈ ತಡ ರಾಜ್ಯದ ಜನರ ಸಮಾನತೆ ಮತ್ತು ಬದುಕಿನ ಹಕ್ಕಿಗೆ ಧಕ್ಕೆ ಎಂದು ಅರ್ಜಿ ಹೇಳಿತು. ಏಪ್ರಿಲ್ ಕೊನೆಗೆ ಕೇಂದ್ರ ಸುಮಾರು 3,400 ಕೋಟಿ ಬಿಡುಗಡೆಗೆ ಒಪ್ಪಿತು. ಕೇಳಿದ್ದರ ಐದನೇ ಒಂದು ಭಾಗಕ್ಕೂ ಕಡಿಮೆ. ಆದರೂ ಕಡತ ಕದಲಿತು. ಇಲ್ಲೂ ಜಗಳ ಪಟ್ಟಿಯದ್ದಲ್ಲ, ತಡದ್ದು.

ಮುಂದೆ ಏನಾಗಬಹುದು

ಅಂಕಿತ ತಡೆದು ಮೂಲೆಗೆ ಹಾಕುವ ದಾರಿ ಮುಚ್ಚಿದೆ. ಹಾಗಾಗಿ ಒಪ್ಪದ ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸುವುದು ಜಾಸ್ತಿಯಾಗುವ ಸಾಧ್ಯತೆ ಇದೆ. ಸರ್ಕಾರಿ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ. 4 ಮೀಸಲು ಕೊಡುವ ಕರ್ನಾಟಕದ ತಿದ್ದುಪಡಿ ಮಸೂದೆಯನ್ನು 2025ರ ಏಪ್ರಿಲ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಕಳಿಸಿದ್ದು ಅಲ್ಲಿಗೇ. ಆ ಮಸೂದೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ದೆಹಲಿ ತಲುಪಿದ ಮೇಲೆ ಸದನದ ಕೈಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ ಎಂಬುದಷ್ಟೇ ಇಲ್ಲಿನ ಮಾತು. ವಾಪಸು ಬಂದರೆ ತಾನೇ ಮತ್ತೆ ಪಾಸು ಮಾಡುವುದು?

ಗಡುವು ಬೇಕೇಬೇಕು ಎನ್ನುವವರಿಗೆ ಉಳಿದಿರುವುದು ಸಂವಿಧಾನ ತಿದ್ದುಪಡಿ. ಅದನ್ನು ಸಂಸತ್ತು ಮಾಡಬೇಕು. ಈ ಬಾಗಿಲಿನ ಕೀಲಿ ಇರುವ ಪಕ್ಷಕ್ಕೆ, ಅದು ಯಾವುದೇ ಪಕ್ಷವಾಗಲಿ, ಅದರಲ್ಲಿ ಆಸಕ್ತಿ ಇರುವುದು ಕಷ್ಟ.

ಅಲ್ಲಿಯವರೆಗೆ ರಾಜ್ಯಗಳು ಒಂದೊಂದೇ ಮಸೂದೆ ಹಿಡಿದು ಕೋರ್ಟ್ ಬಾಗಿಲು ತಟ್ಟಬೇಕು. ಅರ್ಜಿಯಲ್ಲಿ ದಿನಾಂಕಗಳ ಪಟ್ಟಿ ಇರುತ್ತದೆ: ಸದನದಲ್ಲಿ ಪಾಸಾದ ದಿನ, ರಾಜಭವನಕ್ಕೆ ಹೋದ ದಿನ, ನೆನಪೋಲೆ ಬರೆದ ದಿನ. ‘ಬಹಳ ಕಾಲ’ ಎಂದರೆ ಎಷ್ಟು ಎಂದು ನ್ಯಾಯಮೂರ್ತಿಗಳು ಕೇಳುತ್ತಾರೆ. ನವೆಂಬರ್ ಅಭಿಪ್ರಾಯ ಅದಕ್ಕೆ ಅಂಕಿ ಕೊಟ್ಟಿಲ್ಲ. ಮೂರು ತಿಂಗಳು ಎನ್ನಲು ರಾಜ್ಯದ ವಕೀಲರ ಕೈಯಲ್ಲಿರುವ ಒಳ್ಳೆಯ ಕಾಗದವೆಂದರೆ ಗೃಹ ಸಚಿವಾಲಯದ್ದೇ 2016ರ ಸುತ್ತೋಲೆ.